ಹಳೆಯ ಕಾರು, ಹೊಸ ಮಾಲೀಕ

ಮಹಾನಗರದಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ಕಾರು ಊರಿಗೆ ಹೋಗಿಬರುವ ಸಾಧನವಾಗಿದೆ. ಉಳಿದ ದಿನಗಳಲ್ಲಿ ಲೋಕಲ್ ರೈಲು, ಮೆಟ್ರೋಗಳನ್ನೇ ನಂಬಿದವರು ರಜೆ ಬಂದೊಡನೆ ಮುಂಬಯಿಯಿಂದ ಪುಣೆ, ಕೊಲ್ಹಾಪುರ, ನಿಪ್ಪಾಣಿ ಮಾರ್ಗವಾಗಿಯೋ, ಚೆನ್ನೈಯಿಂದ ಕೃಷ್ಣಗಿರಿ, ಹೊಸೂರು ಮಾರ್ಗವಾಗಿಯೋ ವೃದ್ಧ ತಂದೆತಾಯಿಗಳೊಡನೆ, ಮಕ್ಕಳೊಡನೆ ಹೊರಡುತ್ತಾರೆ. ಅದಕ್ಕಾಗಿ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಳ್ಳುವುದು ವಿವೇಕದ ಕ್ರಮವೇ ಸರಿ. ಆದರೆ ಕೊಳ್ಳುವಾಗ ತೋರುವ ಎಚ್ಚರವೆಲ್ಲ ಹಣಕ್ಕೆ ಸಂಬಂಧಿಸಿದ್ದು.

ಆರ್.ಸಿ.ಯಲ್ಲಿ ಹಿಂದಿನ ಸಾಲದ ಹೈಪಾಥಿಕೇಶನ್ ರದ್ದಾಗಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿದೆಯೇ ಎಂದು ವಿಚಾರಿಸಲಾಗುತ್ತದೆ. ಸಾಲ ನೀಡುವ ಬ್ಯಾಂಕೂ ತನ್ನ ಭದ್ರತೆಗೆ ಬೇಕಾದಷ್ಟನ್ನೇ ಕೇಳುತ್ತದೆ. ಒಳಗೆ ಕುಳಿತವರ ಪ್ರಾಣ ಬ್ಯಾಂಕಿನ ಭದ್ರತಾ ಪತ್ರಗಳಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳುವ ಗೃಹಸ್ಥನೂ ಕಾರಿನ ವಿಷಯದಲ್ಲಿ ಬಣ್ಣ ನೋಡಿ ತೃಪ್ತನಾಗುವುದು ಆಶ್ಚರ್ಯಕರ.

‘ಈ ಕಾರಿಗೆ ಒಳ್ಳೆಯ ಸ್ಟಾರ್ ಇದೆ’ ಎಂಬ ದಲ್ಲಾಳಿಯ ಮಾತನ್ನು ಹಾಗೆಯೇ ಸ್ವೀಕರಿಸಲಾಗದು. ಸ್ಟಾರ್ ದೊರೆಯುವುದು ಕಾರಿನ ಹೆಸರಿಗಲ್ಲ, ಪರೀಕ್ಷೆಗೆ ಒಳಗಾದ ಮಾದರಿಗೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಗಂಟೆಗೆ 64 ಕಿ.ಮೀ. ವೇಗದ ಡಿಕ್ಕಿಯ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳು ಏರ್‌ಬ್ಯಾಗ್ ಇಲ್ಲದ ರೂಪದಲ್ಲಿ ಸೊನ್ನೆ ಪಡೆದವು. ಅವುಗಳಲ್ಲೊಂದಾದ ಪೋಲೋ ಕಾರೇ ಎರಡು ಏರ್‌ಬ್ಯಾಗುಗಳೊಡನೆ ಪರೀಕ್ಷೆಗೊಳಗಾದಾಗ ನಾಲ್ಕು ಸ್ಟಾರ್ ಗಳಿಸಿತು. ಹೆಸರೊಂದೇ, ಹೊರರೂಪವೊಂದೇ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಆಸನದ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2022ರ ಆರಂಭದಿಂದ. ಸರ್ಕಾರದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಆದ್ದರಿಂದ ಹತ್ತು ವರ್ಷದ ಕಾರಿಗೆ ಅದೇ ಹೆಸರಿನ ಇಂದಿನ ಕಾರಿನ ಸ್ಟಾರ್‌ಗಳನ್ನು ಅಂಟಿಸುವುದು ಅಣ್ಣನ ಪರೀಕ್ಷೆಗೆ ತಮ್ಮನ ಅಂಕಪಟ್ಟಿಯನ್ನು ತೋರಿಸಿದಂತೆ. ಕಾರು ತಯಾರಾದ ವರ್ಷವನ್ನೂ ಅದರ ವೇರಿಯಂಟನ್ನೂ ಕೇಳಿ ತಿಳಿಯಬೇಕು.

ರೀಕಾಲ್‌ನ ವಿಷಯ ಇದಕ್ಕಿಂತ ಗಂಭೀರ. ತಯಾರಿಕೆಯ ದೋಷ ಕಂಡುಬಂದಾಗ ಕಂಪನಿಯು ಕಾರುಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುವ ಏರ್ಪಾಡು ಇದು. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳನ್ನು ಉಬ್ಬಿಸುವ ರಾಸಾಯನಿಕ ಅಮೋನಿಯಂ ನೈಟ್ರೇಟ್. ಸೆಕೆ ಮತ್ತು ತೇವಾಂಶಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡಾಗ ಅದು ಕೆಟ್ಟು, ಅಪಘಾತದ ಗಳಿಗೆಯಲ್ಲಿ ಅತಿವೇಗವಾಗಿ ಉರಿದು, ಲೋಹದ ಕವಚವನ್ನೇ ಒಡೆದು ಚೂರುಗಳನ್ನು ಸವಾರರತ್ತ ಸಿಡಿಸುತ್ತಿತ್ತು. ಪ್ರಾಣ ಉಳಿಸಬೇಕಾದ ವಸ್ತುವೇ ಪ್ರಾಣ ತೆಗೆಯಿತು. ಅಮೆರಿಕದಲ್ಲಿ ಫ್ಲಾರಿಡಾದಂಥ ಬಿಸಿ, ತೇವದ ಪ್ರದೇಶಗಳ ಕಾರುಗಳಿಗೆ ದುರಸ್ತಿಯಲ್ಲಿ ಆದ್ಯತೆ ನೀಡಲಾಯಿತು. ಮುಂಬಯಿ, ಚೆನ್ನೈಗಳ ಹವೆ ಯಾವ ಬಗೆಯದೆಂದು ಅಲ್ಲಿಯ ನಿವಾಸಿಗಳಿಗೆ ಹೇಳಬೇಕಾಗಿಲ್ಲ. ಭಾರತದಲ್ಲಿಯೂ ಹೋಂಡಾ ಕಂಪನಿ ಇದೇ ಕಾರಣಕ್ಕಾಗಿ ಸಿಟಿ, ಜಾಝ್, ಸಿವಿಕ್ ಮೊದಲಾದ ಕಾರುಗಳನ್ನು ಹಿಂದಕ್ಕೆ ಕರೆಸಿತು.

ಕಂಪನಿಯ ಪತ್ರ ಹೋಗುವುದು ಅದರ ದಾಖಲೆಯಲ್ಲಿರುವ ವಿಳಾಸಕ್ಕೆ. ಮೊದಲ ಮಾಲೀಕನಿಗೆ ವರ್ಗವಾಗಿ ಹೈದರಾಬಾದಿಗೆ ಹೋಗಿರಬಹುದು, ಕಾರು ಎರಡು ಕೈ ದಾಟಿರಬಹುದು. ವರ್ಗಾವಣೆಯ ನೌಕರರೇ ಹೆಚ್ಚಾಗಿರುವ ಸಮಾಜದಲ್ಲಿ ಇದು ಅಪರೂಪವಲ್ಲ. ಹೀಗಾಗಿ ಕೊಳ್ಳುವವನೇ ಆರ್.ಸಿ.ಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ರೀಕಾಲ್ ಬಾಕಿ ಇದೆಯೇ ಎಂದು ವಿಚಾರಿಸಬೇಕು. ಹಲವು ಕಂಪನಿಗಳ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ‘ಆ ಕೆಲಸ ಆಗಿದೆ’ ಎಂಬ ಬಾಯಿಮಾತು ಸಾಲದು. ಜಾಬ್ ಕಾರ್ಡಿನಲ್ಲಿ ಅದು ಬರೆದಿರಬೇಕು.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ರೀಕಾಲಿಗೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದರೆ 2021ರ ನಿಯಮಗಳು ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ. ಹಳೆಯ ಕಾರುಗಳ ಪೇಟೆಯಲ್ಲಿ ಅದಕ್ಕಿಂತ ವಯಸ್ಸಾದವೇ ಬಡವರ ಪಾಲಿಗೆ ಬರುವುದು. ಈ ಕೊರತೆಯನ್ನು ಬ್ಯಾಂಕುಗಳು ಸುಲಭವಾಗಿ ನೀಗಬಲ್ಲವು. ಹೈಪಾಥಿಕೇಶನ್ ರದ್ದತಿಗೆ ನಿರಾಕ್ಷೇಪಣಾ ಪತ್ರ ಕೇಳುವ ಮೇಜಿನ ಮೇಲೆಯೇ, ರೀಕಾಲ್ ಬಾಕಿಯಿಲ್ಲವೆಂಬ ಸರ್ವಿಸ್ ಕೇಂದ್ರದ ಚೀಟಿಯನ್ನೂ ಕೇಳಿದರೆ ಸಾಲಗಾರನಿಗೆ ತಗಲುವುದು ಒಂದು ಬೆಳಗಿನ ಓಡಾಟ ಮಾತ್ರ.