ಬಿಚ್ಚುವುದೆಂದರೆ ಕೆಡಿಸುವುದೇ?



ಮಳೆಗಾಲದ ಒಂದು ಸಂಜೆ ಸಿದ್ದಾಪುರದಿಂದ ತಂಗಿಯ ಫೋನ್ ಬಂತು. "ಆಪಾ, ಇವಳ ಅಬ್ಬಾ ದಮ್ಮಾಮ್‌ನಿಂದ ತಂದುಕೊಟ್ಟ ಗೇಮನ್ನು ಇವಳು ಬಿಚ್ಚಿ ಹಾಕಿದ್ದಾಳೆ. ಅಷ್ಟು ದುಡ್ಡಿನ ವಸ್ತು! ನನ್ನ ಮಾತು ಕೇಳುವುದಿಲ್ಲ. ನೀನೇ ಬಂದು ಬುದ್ಧಿ ಹೇಳು" ಎಂದಳು. ಮಕ್ಕಳಿಗೆ ಪಾಠ ಹೇಳುವವಳು ನಾನು, ಬುದ್ಧಿ ಹೇಳುವುದಕ್ಕೆ ನನಗೇನು ಕಷ್ಟ? ಮರುದಿನವೇ ಶಿರಸಿಯಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳವನ್ನು ಸಿದ್ಧ ಮಾಡಿಕೊಂಡೇ ಹೋದೆ.

ಹದಿನಾಲ್ಕು ವರ್ಷದ ಹುಡುಗಿ ಹಾಲಿನಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕೂತಿದ್ದಳು. ಪ್ಲೇಸ್ಟೇಷನ್ 4 ಎಂಬ ಆ ಕಪ್ಪು ಪೆಟ್ಟಿಗೆಯ ಮೇಲಿನ ಹೊಳಪಿನ ಮುಚ್ಚಳ ಬದಿಗಿತ್ತು. ಹಾರ್ಡ್ ಡಿಸ್ಕ್ ಹೊರಗೆ ಬಂದಿತ್ತು. ಹಿಂಭಾಗದ ನಾಲ್ಕು ಸ್ಕ್ರೂಗಳಲ್ಲಿ ಮೂರು ಬಿಚ್ಚಿದ್ದಳು, ನಾಲ್ಕನೆಯದು ಜಾರುತ್ತಿತ್ತು. ಅವಳ ಕೈಯಲ್ಲಿದ್ದದ್ದು ತಾಯಿಯ ಹೊಲಿಗೆ ಯಂತ್ರದ ಡಬ್ಬಿಯ ಪುಟ್ಟ ಸ್ಕ್ರೂ ಡ್ರೈವರ್.

"ಹೆಣ್ಣುಮಗುವಿಗೆ ಇದೆಲ್ಲ ಯಾಕೆ?" ನನ್ನ ಬಾಯಿಂದ ಮೊದಲು ಹೊರಟದ್ದು ಇದೇ ಮಾತು. ಅವಳು ತಲೆ ಎತ್ತದೆ, "ಖಾಲಾ, ಮಾಮೂ ಬಿಚ್ಚಿದರೆ ಎಲ್ಲರೂ ನಗುತ್ತಾ ಹೇಳುತ್ತೀರಿ. ನಾನು ಬಿಚ್ಚಿದರೆ ಮಾತ್ರ ಬೈಗುಳ" ಎಂದಳು.

ಅವಳು ಹೇಳಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. 90ರ ದಶಕದಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಅಣ್ಣ ಹಟ ಹಿಡಿದು ಒಂದು ಟಿವಿ ಗೇಮ್ ಕೊಡಿಸಿಕೊಂಡಿದ್ದ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮಗೆಲ್ಲ ಸಂಭ್ರಮ. ಜಪಾನಿನ ನಿಂಟೆಂಡೋ ಕಂಪೆನಿ 1983ರಲ್ಲಿ ತಂದ ಯಂತ್ರದ ನಕಲು ಅದು. ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡುವಂಥದ್ದು. ಎರಡೇ ವಾರದಲ್ಲಿ ಅಣ್ಣ ಅದನ್ನು ಬಿಚ್ಚಿದ. ಒಳಗೆ ಒಂದು ಸಣ್ಣ ಹಸಿರು ಹಲಗೆ, ಅದರ ಮೇಲೆ ಡಾಂಬರು ಬಿದ್ದಂತೆ ಒಂದು ಕಪ್ಪು ಚುಕ್ಕೆ, ನಾಲ್ಕು ತಂತಿ, ಅಷ್ಟೇ. ಉಳಿದದ್ದೆಲ್ಲ ಖಾಲಿ ಪೆಟ್ಟಿಗೆ! ಆ ಕಪ್ಪು ಅಂಟಿನ ಕೆಳಗೆ ಇಡೀ ಯಂತ್ರದ ಚಿಪ್ ಇರುತ್ತದೆಂದು ಆಗ ನಮಗೆ ತಿಳಿಯಲಿಲ್ಲ. ಅಬ್ಬಾ ಗದರಲಿಲ್ಲ. "ಇವನು ದೊಡ್ಡ ಮಿಸ್ತ್ರಿ ಆಗುತ್ತಾನೆ" ಎಂದರು. ನಾನು ಬಗ್ಗಿ ನೋಡಹೋದರೆ ಅಮ್ಮಿ ಪೊರಕೆ ಕೊಟ್ಟು, ಬಿದ್ದ ಚೂರುಗಳನ್ನು ಗುಡಿಸಲು ಹೇಳಿದರು. ಅಣ್ಣ ಇಂದು ಯಲ್ಲಾಪುರದಲ್ಲಿ ಗ್ಯಾರೇಜ್ ನಡೆಸುತ್ತಿದ್ದಾನೆ.

ಹುಡುಗಿಯ ಪಕ್ಕದಲ್ಲಿ ಕೂತು ನೋಡಿದೆ. ಕಾಗದದ ಮೇಲೆ ಪೆಟ್ಟಿಗೆಯ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅವು ಇದ್ದ ಜಾಗದ ಮೇಲೆಯೇ ಇಟ್ಟಿದ್ದಳು. ಕೆಡಿಸುವವರು ಹೀಗೆ ಇಡುವುದಿಲ್ಲ. "ಯಾಕೆ ಬಿಚ್ಚಿದೆ?" ಎಂದು ಈಗ ಸಮಾಧಾನದಿಂದ ಕೇಳಿದೆ. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಗೇಮ್ ಆಡುತ್ತಿರುವಾಗ ಫ್ಯಾನ್ ಜೋರಾಗಿ ಕೂಗಿ, ಪೆಟ್ಟಿಗೆ ತಾನಾಗಿಯೇ ಆರಿಹೋಗುತ್ತಿತ್ತಂತೆ. ತಪ್ಪು ಪೆಟ್ಟಿಗೆಯದ್ದಲ್ಲ, ನಮ್ಮದು. ಬೆಲೆಬಾಳುವ ವಸ್ತುವೆಂದು ತಂಗಿ ಅದನ್ನು ಗಾಜಿನ ಶೋಕೇಸಿನೊಳಗಿಟ್ಟು, ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದಳು. ಇಂಥ ಯಂತ್ರ ಬದಿಯಿಂದ ಗಾಳಿ ಎಳೆದುಕೊಂಡು, ಚಿಪ್‌ನ ಬಿಸಿಯನ್ನು ಹಿಂದಿನಿಂದ ಹೊರಗೆ ಹಾಕುತ್ತದೆ. ದಾರಿ ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ. ದೂಳು ಸೇರಿದರೆ ಇನ್ನೂ ಕಷ್ಟ. ಬಿಸಿ ಮಿತಿ ಮೀರಿದಾಗ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆರುತ್ತದೆ.

"ಪ್ಲಗ್ ತೆಗೆದಿದ್ದೀಯಾ?" ಎಂದೆ. "ಈಗ ತೆಗೆದೆ ಖಾಲಾ" ಎಂದಳು. ನನ್ನ ಎದೆ ಧಸಕ್ಕೆಂದಿತು. ಆ ಮುಚ್ಚಳದ ಕೆಳಗೆ ಗೋಡೆಯ 230 ವೋಲ್ಟ್ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪವರ್ ಸಪ್ಲೈ ಇದೆ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಸ್ವಲ್ಪ ಹೊತ್ತು ಕರೆಂಟ್ ನಿಂತಿರುತ್ತದೆ. ಬೈಯಬೇಕಾದದ್ದು ಇದಕ್ಕಾಗಿತ್ತು. ನಾನು ಬೈದದ್ದು ಅವಳು ಹೆಣ್ಣುಮಗು ಎಂಬ ಕಾರಣಕ್ಕೆ.

ಆ ಸ್ಕ್ರೂಗಳ ತಲೆಯಲ್ಲಿ ಆರು ಮೂಲೆಯ ನಕ್ಷತ್ರದ ಗುಂಡಿ, ನಡುವೆ ಒಂದು ಮೊಳೆ. ಅದಕ್ಕೆ ನಡುವೆ ತೂತಿರುವ ಬೇರೆಯೇ ಬಿಟ್ ಬೇಕು. ಭಾನುವಾರ ನಾವು ಮೂವರು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಶಿರಸಿ ದಾಟಿ ಯಲ್ಲಾಪುರಕ್ಕೆ ಹೋದೆವು.

ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಲಾರಿಗಳನ್ನು ನೋಡುವ ಗ್ಯಾರೇಜ್ ಅದು. ಅಣ್ಣನ ಡಬ್ಬಿಯಲ್ಲಿ ಬಿಟ್ ಸಿಕ್ಕಿತು. ಕೆಳಗಿನ ಮುಚ್ಚಳ ತೆಗೆದು, ಪವರ್ ಸಪ್ಲೈಯನ್ನು ಅದರ ಕವಚ ಬಿಚ್ಚದೆ ಇಡಿಯಾಗಿ ಎತ್ತಿಟ್ಟ. ಫ್ಯಾನ್ ಸುತ್ತ ದೂಳು ಹತ್ತಿಯಂತೆ ಗಟ್ಟಿಯಾಗಿತ್ತು, ಜೊತೆಗೊಂದು ಸತ್ತ ಜಿರಳೆ. ಅಣ್ಣ ಲಾರಿಯ ಫಿಲ್ಟರ್‌ಗೆ ಗಾಳಿ ಹೊಡೆಯುವ ಕಂಪ್ರೆಸರ್ ಪೈಪ್ ಎಳೆದು ತಂದ.

"ಬೇಡ ಮಾಮೂ! ಅಷ್ಟು ಜೋರು ಗಾಳಿಗೆ ಫ್ಯಾನ್ ಅತಿ ವೇಗವಾಗಿ ತಿರುಗಿ ಹಾಳಾಗುತ್ತದೆ. ಪೈಪಿನಲ್ಲಿ ನೀರೂ ಇರುತ್ತದೆ" ಎಂದಳು ಹುಡುಗಿ. ಅಣ್ಣ ಅವಳ ಮುಖ ನೋಡಿದ, ಪೈಪ್ ಕೆಳಗಿಟ್ಟ. "ಹೌದು, ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ" ಎಂದ.

ಆಗ ನನ್ನ ತಂಗಿ ಚೀಲದಿಂದ ಹೊಲಿಗೆ ಯಂತ್ರದ ಬ್ರಷ್ ತೆಗೆದಳು. ಮಗಳು ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡಳು, ತಾಯಿ ದೂಳು ತೆಗೆದಳು. ಸಹೋದರಿಯರೇ, ಹೊಲಿಗೆ ಯಂತ್ರದ ಶಟಲ್ ಬಿಚ್ಚಿ, ನೂಲಿನ ಕಸ ತೆಗೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸುವವರು ನಾವಲ್ಲವೇ? ಯಂತ್ರ ಬಿಚ್ಚುವ ಕೆಲಸ ನಮ್ಮ ಕೈಗಳಿಗೆ ಹೊಸದೇನೂ ಅಲ್ಲ. ಆದರೂ ಅದನ್ನು ನಾವು ಮಿಸ್ತ್ರಿ ಕೆಲಸ ಎಂದು ಕರೆದುಕೊಳ್ಳುವುದಿಲ್ಲ.

ಎಲ್ಲ ಜೋಡಿಸಿ, ಬಿಸ್ಮಿಲ್ಲಾ ಎಂದು ಸ್ವಿಚ್ ಹಾಕಿದೆವು. ದೀಪ ಬರಲಿಲ್ಲ. ತಂಗಿಯ ಮುಖ ಬಿಳಿಚಿತು. ಹುಡುಗಿ ಅಳಲಿಲ್ಲ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಕಾದು, ತನ್ನ ಚಿತ್ರ ಬಿಡಿಸಿ ಒಂದೊಂದೇ ನೋಡುತ್ತಾ ಮತ್ತೆ ಬಿಚ್ಚಿಸಿದಳು. ಪವರ್ ಸಪ್ಲೈನ ಸಣ್ಣ ತಂತಿ ಪೂರ್ತಿ ಒಳಗೆ ಕೂತಿರಲಿಲ್ಲ. ಒತ್ತಿದ ಮೇಲೆ ದೀಪ ಬಂತು. ಅಲ್‌ಹಮ್ದುಲಿಲ್ಲಾಹ್, ಫ್ಯಾನಿನ ಕೂಗೂ ನಿಂತಿತ್ತು.

ನಿಮ್ಮ ಮನೆಯ ಮಗುವೂ ಹೀಗೆ ಏನಾದರೂ ಬಿಚ್ಚಲು ಹೊರಟರೆ ಕೆಲವು ಮಾತು ನೆನಪಿರಲಿ. ಮೊದಲು ಪ್ಲಗ್ ತೆಗೆಸಿ, ಸಾಕಷ್ಟು ಹೊತ್ತು ಕಾಯಿಸಿ, ದೊಡ್ಡವರೊಬ್ಬರು ಜೊತೆಗಿರಿ. ಪವರ್ ಸಪ್ಲೈನ ಕವಚ, ಮೈಕ್ರೋವೇವ್ ಓವನ್, ಹಳೆಯ ಡಬ್ಬದಂತಹ ಟಿವಿ, ಇವುಗಳನ್ನು ಮಕ್ಕಳು ಬಿಚ್ಚಲೇಬಾರದು. ಪ್ಲಗ್ ಕಿತ್ತರೂ ಅವು ಪ್ರಾಣ ತೆಗೆಯಬಲ್ಲವು. ಒಳಗಿನ ದೂಳನ್ನು ಬಾಯಿಂದ ಊದಬಾರದು, ಉಸಿರಿನ ತೇವ ಲೋಹಕ್ಕೆ ತುಕ್ಕು ತರುತ್ತದೆ. ಚಿಪ್ ಮೇಲಿನ ಲೋಹದ ಬಿಲ್ಲೆಯನ್ನು ಕಿತ್ತರೆ ಹೊಸ ಪೇಸ್ಟ್ ಹಚ್ಚಲೇಬೇಕು, ಅದಕ್ಕೇ ನಾವು ಮುಟ್ಟಲಿಲ್ಲ. ವಾರಂಟಿ ಇದ್ದರೆ ಕಂಪೆನಿಯನ್ನೇ ಕೇಳಿ. ಪ್ಲೇಸ್ಟೇಷನ್ 4ರಲ್ಲಿ ಹಾರ್ಡ್ ಡಿಸ್ಕ್ ಬದಲಾಯಿಸಲು ಕಂಪೆನಿಯೇ ಅವಕಾಶ ಕೊಟ್ಟಿದೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗಾಗಿ ಕೇಂದ್ರ ಸರಕಾರವೂ 2022ರ ಡಿಸೆಂಬರ್ 24ರಂದು ಪೋರ್ಟಲ್ ತೆರೆದಿದೆ.

ಪೆಟ್ಟಿಗೆ ಈಗ ಶೋಕೇಸಿನಿಂದ ಹೊರಗೆ, ಗಾಳಿಯಾಡುವ ಮೇಜಿನ ಮೇಲಿದೆ. ಅಣ್ಣ ಆ ಬಿಟ್ಟನ್ನು ಸೊಸೆಗೇ ಕೊಟ್ಟು ಕಳಿಸಿದ. ಮೊನ್ನೆ ತಂಗಿ ಮತ್ತೆ ಫೋನ್ ಮಾಡಿದ್ದಳು. "ಆಪಾ, ಮಿಕ್ಸಿ ಸದ್ದು ಮಾಡುತ್ತಿದೆ. ಪ್ಲಗ್ ತೆಗೆದು ಇವಳ ಮುಂದೆ ಇಟ್ಟಿದ್ದೇನೆ" ಎಂದಳು.