ಕಿರಿಯ ವೈದ್ಯರ ಬಾಯಿಗೆ ಬೀಗವೇಕೆ?

ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ದೊರೆತಾಗ ನೀವು ಕೃತಜ್ಞತೆಯ ಬಲಿಪೂಜೆ ಅರ್ಪಿಸುತ್ತೀರಿ. ಒಳ್ಳೆಯದೇ. ಆದರೆ ಆ ಮಗು ಆಸ್ಪತ್ರೆಗೆ ಕಾಲಿಡುವ ದಿನ ಹೇಳಿ ಕಳುಹಿಸುವ ಬುದ್ಧಿಮಾತು ಯಾವುದು? “ದೊಡ್ಡವರಿಗೆ ಎದುರಾಡಬೇಡ, ತಲೆ ತಗ್ಗಿಸಿ ಕೋರ್ಸು ಮುಗಿಸು.” ಈ ಮಾತಿನ ಮೇಲೆಯೇ ನನ್ನ ತಕರಾರು.

1847ರ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯನ್ನು ನೆನೆಯಿರಿ. ಅಲ್ಲಿದ್ದ ಎರಡು ಹೆರಿಗೆ ವಿಭಾಗಗಳಲ್ಲಿ, ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಬಹಳ ಹೆಚ್ಚು. ಹಿರಿಯರು ಕೆಟ್ಟ ಗಾಳಿಯನ್ನು ದೂರಿದರು. 28 ವರ್ಷದ ಸಹಾಯಕ ವೈದ್ಯ ಇಗ್ನಾಜ್ ಸೆಮ್ಮೆಲ್ವೈಸ್ ಎರಡೂ ಕಡೆಯ ಸಾವುಗಳನ್ನು ಎಣಿಸಿ ಹೋಲಿಸಿದ. ಹೆಣ ಕೊಯ್ದ ಕೈಗಳೇ ಹೆರಿಗೆ ಮಾಡಿಸುತ್ತಿರುವುದನ್ನು ಗುರುತಿಸಿದ. ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ತಂದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ 1849ರಲ್ಲಿ ಆತನ ಹುದ್ದೆಯನ್ನು ಮುಂದುವರಿಸಲಿಲ್ಲ.

ತಪ್ಪು ಹಿರಿಯರದು ಮಾತ್ರವಲ್ಲ. ಕಂಡದ್ದನ್ನು ಗ್ರಂಥವಾಗಿ ಪ್ರಕಟಿಸಲು ಆತ 1861ರವರೆಗೆ ತಡಮಾಡಿದ. ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಜರೆದ. ಲೋಪವನ್ನು ಕಾಣುವ ವಿದ್ಯೆ ಆತನಿಗಿತ್ತು. ಜೊತೆಯವರನ್ನು ಒಪ್ಪಿಸಿ ನಡೆಸುವ ವಿದ್ಯೆ ಒಲಿಯಲಿಲ್ಲ.

ನಾವಾದರೂ ಅದನ್ನು ಕಲಿಸುತ್ತಿದ್ದೇವೆಯೇ? 2019ರಲ್ಲಿ ಜಾರಿಗೆ ಬಂದ ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮವು ವೈದ್ಯ ಪದವೀಧರರಿಗೆ ಗೊತ್ತುಪಡಿಸಿದ ಐದು ಪಾತ್ರಗಳಲ್ಲಿ ಆರೋಗ್ಯ ತಂಡದ ನಾಯಕತ್ವವೂ ಒಂದು. ಕಾಗದದ ಮೇಲೆ ಎಲ್ಲವೂ ಚೆಂದ. ವಾರ್ಡಿನಲ್ಲಿ ಮಾತ್ರ ಹೌಸ್ ಸರ್ಜನ್ ಎಂದರೆ ರಕ್ತದ ಮಾದರಿ ಹಿಡಿದು ಲ್ಯಾಬಿಗೆ ಓಡುವ ಆಳು! ರಾತ್ರಿಯಿಡೀ ರೋಗಿಯ ಬಳಿ ಇರುವವರು ಅವರು. ಔಷಧ ಎಲ್ಲಿ ತಡವಾಗುತ್ತಿದೆ, ಚೀಟಿ ಎಲ್ಲಿ ಅದಲುಬದಲಾಗುತ್ತಿದೆ ಎಂಬುದು ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ. ಕೇಳುವವರಿಲ್ಲ.

ಹಿರಿಯರ ಗೌರವಕ್ಕೆ ಕುಂದು ಬರುತ್ತದೆ ಎನ್ನುವಿರಾ? ಬಾಲಕ ಸಮುವೇಲನಿಗೆ ರಾತ್ರಿಯಲ್ಲಿ ಕೇಳಿಸಿದ ಮಾತು ವೃದ್ಧ ಯಾಜಕ ಏಲಿಯ ಮನೆತನಕ್ಕೇ ವಿರುದ್ಧವಾಗಿತ್ತು. ಹುಡುಗ ಹೇಳಲು ಅಂಜಿದ. ಏನನ್ನೂ ಮುಚ್ಚಿಡಬಾರದೆಂದು ಪಟ್ಟುಹಿಡಿದವನು ಆ ಏಲಿಯೇ.

ಧರ್ಮಸಭೆ ನಡೆಸುವ ಆಸ್ಪತ್ರೆಗಳಲ್ಲಾದರೂ ತಿಂಗಳಿಗೊಮ್ಮೆ ಕಿರಿಯರೇ ಮೊದಲು ಮಾತನಾಡುವ ಸಭೆ ಸೇರಲಿ. ದಾದಿಯರೊಡನೆ ಕುಳಿತು ಒಂದು ಲೋಪವನ್ನು ಆರಿಸಲಿ, ಒಂದು ಸಣ್ಣ ಬದಲಾವಣೆ ಮಾಡಲಿ, ಫಲವನ್ನು ಎಣಿಸಿ ನೋಡಲಿ. ಇದಕ್ಕೆ ಹೊಸ ಯಂತ್ರ ಬೇಡ. ಗೋಡೆಯ ಮೇಲೆ ದಾನಿಗಳ ಫಲಕವೂ ಬೇಡ. ಇನ್ನು ನೀವು, ಮಗಳು ರಜೆಗೆ ಬಂದಾಗ ಪಿ.ಜಿ. ಸೀಟಿನ ಮಾತೆತ್ತುವ ಮೊದಲು, ವಾರ್ಡಿನಲ್ಲಿ ಸರಿಯಿಲ್ಲದ್ದು ಏನು ಕಂಡೆ, ಅದನ್ನು ಯಾರಿಗೆ ಹೇಳಿದೆ ಎಂದು ಕೇಳಿ.