ಅಲೆಯ ಮೇಲೆ ದಾರಿ ಯಾರದು?

ತಿರುಮಣಿಯಂತಹ ಊರಿನಲ್ಲಿ ಕುಳಿತು ಸಮುದ್ರದ ವಿಷಯವಾಗಿ ಬರೆಯಹೊರಟವನನ್ನು ಕಂಡು ವಾಚಕರು ನಕ್ಕರೆ ಅದು ಅವರ ತಪ್ಪಲ್ಲ. ಪಾವಗಡದ ಸೀಮೆಯಲ್ಲಿ ನೀರೆಂದರೆ ಕೊಳವೆಬಾವಿಯ ನೀರು. ಸುತ್ತಣ ಊರುಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹಾಸಿರುವ ಸೌರವಿದ್ಯುತ್ತಿನ ಫಲಕಗಳು ಮಧ್ಯಾಹ್ನದ ಬಿಸಿಲಿನಲ್ಲಿ ದೂರಕ್ಕೆ ದೊಡ್ಡದೊಂದು ಕೆರೆಯಂತೆ ತೋರುವುದುಂಟು. ನಮ್ಮ ಪಾಲಿನ ಸಮುದ್ರ ಅಷ್ಟೆ. ಆದರೂ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಳ್ಳಬೇಕಾಗಿ ಬಂದಿದೆ. ಕಾರಣ, ನನ್ನ ತಂಗಿಯ ಮಗ.

ಹುಡುಗನು ಬೇಸಿಗೆಯ ರಜೆಯಲ್ಲಿ ಮೂಲ್ಕಿಯ ಕಡೆಗೆ ಹೋಗಿ ಹಲಗೆಯ ಮೇಲೆ ನಿಂತು ಅಲೆಯೇರುವ ಆಟವನ್ನು ಕಲಿತು ಬಂದನು. ಸರ್ಫಿಂಗ್ ಎಂದು ಕರೆಯುವ ಈ ಆಟಕ್ಕೆ ಮೂಲ್ಕಿಯು ನಮ್ಮ ದೇಶದಲ್ಲಿ ಮೊದಲ ನೆಲೆಗಳಲ್ಲೊಂದು. 2004ರಲ್ಲಿಯೇ ಅಲ್ಲಿ ಒಂದು ಕ್ಲಬ್ಬು ಹುಟ್ಟಿತು. ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಪಂದ್ಯ ನಡೆಯಿತು. ಶಾಂಭವಿ, ನಂದಿನಿ ಎಂಬ ಎರಡು ನದಿಗಳು ಕೂಡಿ ಕಡಲನ್ನು ಸೇರುವುದು ಅಲ್ಲಿಯೇ. ಆ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ.

ಅಳಿವೆಯ ಹತ್ತಿರ ಹುಡುಗನು ಒಂದು ಅಲೆಯನ್ನು ಹಿಡಿದಿದ್ದಾಗ ಮೀನು ಹಿಡಿದು ಮರಳುತ್ತಿದ್ದ ಯಂತ್ರದ ದೋಣಿಯೊಂದು ನೇರವಾಗಿ ಅವನತ್ತ ಬಂದಿತಂತೆ. ತಾಂಡೇಲನು ಕೂಗಿ ಗದರಿದನಂತೆ. ಇವನು ಹಲಗೆಯಿಂದ ಧುಮುಕಿ ಪಕ್ಕಕ್ಕೆ ಸರಿದನು. ಅಂತರವು ಎರಡು ಮಾರೂ ಇರಲಿಲ್ಲವೆಂದು ಅವನೇ ಹೇಳಿದನು. ತಂಗಿ ಆ ರಾತ್ರಿ ಊಟ ಮಾಡಲಿಲ್ಲ. ಹುಡುಗನಿಗಾದರೋ ಹೆದರಿಕೆಗಿಂತ ಸಿಟ್ಟೇ ಹೆಚ್ಚು. “ಮಾವ, ಅಲೆ ಒಡೆಯುವ ತಾಣಕ್ಕೆ ಯಾರು ಹತ್ತಿರವಿರುತ್ತಾರೋ ಅಲೆ ಅವರದು. ಇದು ನಮ್ಮ ಆಟದ ಮೊದಲ ನಿಯಮ. ಅವನು ನಿಲ್ಲಿಸಬೇಕಾಗಿತ್ತು” ಎಂಬುದು ಅವನ ವಾದ.

ನಿಯಮವು ನಿಜವೇ. ಆದರೆ ಅದು ಹಲಗೆಯವರು ಹಲಗೆಯವರೊಡನೆ ಮಾಡಿಕೊಂಡ ಒಪ್ಪಂದ. ದೋಣಿಯವನು ನಿಲ್ಲಿಸಬಹುದಾಗಿತ್ತೆ ಎಂಬುದೇ ಪ್ರಶ್ನೆ.

ಅಳಿವೆಯಲ್ಲಿ ನದಿಯು ತಂದ ಮರಳು ದಿಬ್ಬಗಟ್ಟಿರುತ್ತದೆ. ಆಳದಿಂದ ಬಂದ ಅಲೆ ಆ ದಿಬ್ಬವನ್ನು ಮುಟ್ಟಿ ಎದ್ದು ಒಡೆಯುತ್ತದೆ. ಆಟದವನಿಗೆ ಬೇಕಾದದ್ದು ಆ ಏಳುವ ಅಲೆ; ಬೆಸ್ತನಿಗೆ ಬೇಡವಾದದ್ದೂ ಅದೇ. ಒಳಗೆ ಬರುವ ದೋಣಿಯು ಒಂದು ಅಲೆಯ ಬೆನ್ನಿನ ಮೇಲೆ, ಅದರ ವೇಗಕ್ಕೆ ತನ್ನ ವೇಗವನ್ನು ಹೊಂದಿಸಿಕೊಂಡು ದಿಬ್ಬವನ್ನು ದಾಟಬೇಕು. ವೇಗವನ್ನು ತಗ್ಗಿಸಿದರೆ ಹಿಂದಿನ ಅಲೆಯು ಬಂದು ಹಿಂಬದಿಯನ್ನು ಎತ್ತಿ ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಅಡ್ಡ ತಿರುಗಿದ ದೋಣಿ ಮಗುಚುವುದು ಕ್ಷಣದ ಮಾತು. ಅದರಲ್ಲಿರುವವರಿಗೂ ಮನೆಯಲ್ಲಿ ತಾಯಂದಿರಿದ್ದಾರೆ. ಇದಲ್ಲದೆ, ಯಂತ್ರ ನಡೆಸುವವನು ಹಿಂದೆ ಇರುತ್ತಾನೆ, ಮುಂದಿನ ಮೂತಿ ಮೇಲೆದ್ದಿರುತ್ತದೆ. ನೀರಿನ ಮಟ್ಟಕ್ಕಿರುವ ಒಂದು ತಲೆ ಅಲೆಯ ಮರೆಯಲ್ಲಿ ಕಾಣುವುದೇ ಕಷ್ಟ. ಅವನು ಗದರಿದನೆಂದರೆ ಕಂಡನೆಂದು ಅರ್ಥ. ನಮ್ಮ ಪುಣ್ಯ.

ಹಡಗುಗಳ ಡಿಕ್ಕಿಯನ್ನು ತಪ್ಪಿಸಲೆಂದು 1972ರಲ್ಲಿ ರಾಷ್ಟ್ರಗಳು ಕೂಡಿ ಮಾಡಿದ ನಿಯಮಾವಳಿಯಿದೆ. ಭಾರತವೂ ಅದನ್ನು ಒಪ್ಪಿಕೊಂಡಿದೆ. ಅಲೆಯೇರುವ ಹಲಗೆಯ ಹೆಸರು ಅದರಲ್ಲಿಲ್ಲ. ಆದರೂ ಅದರ ಧೋರಣೆಯು ಸ್ಪಷ್ಟವಾಗಿದೆ: ಸುಲಭವಾಗಿ ಸರಿಯಬಲ್ಲವನು, ಸರಿಯಲಾರದವನಿಗೆ ದಾರಿ ಬಿಡಬೇಕು. ಯಂತ್ರದ ನೌಕೆಯು ಹಾಯಿಯ ನೌಕೆಗೂ ಬಲೆ ಬೀಸಿರುವ ನೌಕೆಗೂ ದಾರಿ ಬಿಡಬೇಕು. ಹಿಂದಿನಿಂದ ಬಂದು ದಾಟುವವನು ಯಾರೇ ಆಗಲಿ, ಅವನೇ ದೂರ ಸರಿಯಬೇಕು. ಇಕ್ಕಟ್ಟಾದ ಕಾಲುವೆಯಲ್ಲಿ ಮಾತ್ರವೇ ಸಾಗಬಲ್ಲ ನೌಕೆಗೆ 20 ಮೀಟರಿಗಿಂತ ಚಿಕ್ಕ ನೌಕೆ ಅಡ್ಡಿಯಾಗಬಾರದು. ಎದುರುಬದುರಾದ ಯಂತ್ರನೌಕೆಗಳೆರಡೂ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಎಡಕ್ಕೆ ಸರಿದು ಅಭ್ಯಾಸವಾದ ನಮಗೆ ಇದು ವಿಚಿತ್ರವೆನಿಸುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಅಂಶ ಬೇರೆ: ದಾರಿಯ ಹಕ್ಕು ತನಗಿದ್ದರೂ, ಎದುರಿನವನ ಯತ್ನವೊಂದರಿಂದಲೇ ಡಿಕ್ಕಿ ತಪ್ಪದೆಂದು ಕಂಡಾಗ ಹಕ್ಕುಳ್ಳವನೂ ಸರಿಯಲೇಬೇಕು. ಅಲ್ಲಿ ಹಕ್ಕಿಗಾಗಿ ಹಟ ಹಿಡಿಯಲು ಎಡೆಯಿಲ್ಲ.

ಹಾಗಾದರೆ ದೋಣಿಯವರದೇ ಎಲ್ಲವೂ ಸರಿಯೆ? ಹಾಗೆನ್ನಲಾರೆ. ಅಳಿವೆಯಿಂದ ದೂರದ ತೆರೆದ ತೀರದಲ್ಲಿ, ಮಕ್ಕಳು ಆಡುತ್ತಿರುವೆಡೆ, ವಿನೋದಕ್ಕೆಂದು ಯಂತ್ರದೋಣಿಯನ್ನು ಓಡಿಸುವವನಿಗೆ ಯಾವ ಸಮಾಧಾನವೂ ಇಲ್ಲ. ಅಲ್ಲಿ ತಿರುಗಲು ಸಮುದ್ರವೆಲ್ಲ ಅವನಿಗೆ ಬಿದ್ದಿದೆ. ನೀರಿನಲ್ಲಿರುವವನಿಗೆ ಅಪಾಯ ದೋಣಿಯ ಮೈಯಿಂದ ಮಾತ್ರವಲ್ಲ, ಅಡಿಯಲ್ಲಿ ತಿರುಗುವ ಯಂತ್ರದ ರೆಕ್ಕೆಗಳಿಂದಲೂ ಉಂಟು. ನ್ಯೂಜಿಲೆಂಡಿನಲ್ಲಿ ದಡದಿಂದ 200 ಮೀಟರಿನೊಳಗೆ, ಅಥವಾ ಈಜುವವನಿಂದ 50 ಮೀಟರಿನೊಳಗೆ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರು ವೇಗವನ್ನು ಮೀರಕೂಡದೆಂದು ವಿಧಿಯಿದೆ. ನಮ್ಮ ತೀರಗಳಲ್ಲಿಯೂ ಆಟದ ಎಡೆಗೆ ಬಾವುಟವನ್ನೂ ದೋಣಿಯ ದಾರಿಗೆ ತೇಲುಗುರುತನ್ನೂ ಹಾಕಿದರೆ ಖರ್ಚೇನೂ ಹೆಚ್ಚಾಗದು.

ಮಕ್ಕಳನ್ನು ಕರಾವಳಿಗೆ ಕಳುಹಿಸುವ ಗೃಹಸ್ಥರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಆಗ ದೋಣಿಗಳೇ ಇರುವುದಿಲ್ಲವೆಂದು ಹುಡುಗರು ಭಾವಿಸುತ್ತಾರೆ. ಇದು ತಪ್ಪು. ಸಾಂಪ್ರದಾಯಿಕ ನಾಡದೋಣಿಗಳಿಗೆ ಆ ನಿಷೇಧವಿಲ್ಲ. ಮಳೆಗಾಲವೇ ಅವರ ದುಡಿಮೆಯ ಕಾಲ, ಅಲೆಯ ಅಬ್ಬರವೂ ಆಗಲೇ ಹೆಚ್ಚು. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವಿಲ್ಲದೆ ಇಳಿಯಬಾರದು; ಕೈಬಿಟ್ಟ ಹಲಗೆ ಇತರರ ತಲೆಗೂ ದೋಣಿಗೂ ಬಡಿಯುತ್ತದೆ. ಹಲಗೆಗೆ ದೀಪವಿಲ್ಲವಾದ ಕಾರಣ ಕತ್ತಲಾಗುವ ಮೊದಲೇ ಮೇಲೆ ಬರಬೇಕು.

ಹುಡುಗನು ಮತ್ತೆ ಹೋಗುತ್ತೇನೆನ್ನುತ್ತಿದ್ದಾನೆ. ಬೇಡವೆನ್ನಲು ತಂಗಿಗೆ ಮನಸ್ಸಿದೆ, ನನಗಿಲ್ಲ. ಒಂದು ಷರತ್ತು ಮಾತ್ರ ಹಾಕಿದ್ದೇನೆ: ನೀರಿಗಿಳಿಯುವ ಮುನ್ನ ಆ ತಾಂಡೇಲನನ್ನು ಕಂಡು, ದೋಣಿಗಳು ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಒಳಗೆ ಬರುತ್ತವೆಂದು ಕೇಳಿ ತಿಳಿದುಕೊಳ್ಳಬೇಕು. ಎರಡು ದಿನ ಮುಖ ಊದಿಸಿಕೊಂಡಿದ್ದು, ನಿನ್ನೆ ಒಪ್ಪಿದನು.